ಗಾಳಿ ಗಾಳಿಸಿದ ಬಟ್ಟೆ

ಖಾನಾಪುರದಲ್ಲಿ ಪಾತ್ರೆ-ಭಾಂಡೆ ಅಂಗಡಿ ಇಟ್ಟ ನೇಮಿನಾಥ ಸಿಟ್ಟಿನ ಮನುಷ್ಯ. ಗಿರಾಕಿ ಇನ್ನೊಮ್ಮೆ ದರ ಕೇಳಿದರೆ ಪಾತೇಲಿಯನ್ನು ಕಸಿದು ಮತ್ತೆ ಅಟ್ಟದ ಮೇಲಿಡುತ್ತಿದ್ದ. ಅಂಥವನು ಆ ಬೆಳಿಗ್ಗೆ ಪೀರನವಾಡಿಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ತುಟಿ ಬಿಗಿದು ಕೂತಿದ್ದ. ಕಾರು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಅವನ ತಾಯಿ ಅಕ್ಕಾತಾಯಿ ಜಪಮಣಿ ಎಣಿಸುತ್ತಿದ್ದಳು.

ಮಧ್ಯಾಹ್ನದೊಳಗೆ ಬೆಳಗಾವಿಯ ಕಣ್ಣಿನ ದವಾಖಾನೆ ಮುಟ್ಟಬೇಕಿತ್ತು. ಅವಳ ಎರಡೂ ಕಣ್ಣಿಗೆ ಪೊರೆ. ಕಣ್ಣಿನ ಚಿಂತೆಗಿಂತ ಹೊಟ್ಟೆಯ ಚಿಂತೆ ದೊಡ್ಡದಿತ್ತು. ಹುಳವೊಂದು ಸತ್ತರೂ ಪಾಪವೆನ್ನುವ ಜೈನರ ಮನೆ. ತಾನೇ ಹಸನು ಮಾಡದ ಕಾಳನ್ನು ಅಕ್ಕಾತಾಯಿ ಉಣ್ಣುತ್ತಿರಲಿಲ್ಲ, ಸೊಸೆಯ ಕೈಯನ್ನೂ ನಂಬುತ್ತಿರಲಿಲ್ಲ. ಹುಳ ಯಾವುದು, ಅಕ್ಕಿ ಯಾವುದು ಎಂದು ಕಾಣದಾದ ಮೇಲೆ ಅನ್ನ ಬಿಟ್ಟಳು, ಆಮೇಲೆ ಬೇಳೆ ಬಿಟ್ಟಳು. ಈಗ ಹಾಲು, ಬಾಳೆಹಣ್ಣಿಗೆ ಬಂದಿತ್ತು. ಮೊನ್ನೆ ಬಾಳೆಹಣ್ಣನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದ್ದಳು. ಅದನ್ನು ನೋಡಿದ ದಿನವೇ ನೇಮಿನಾಥ ದವಾಖಾನೆಯಲ್ಲಿ ಅವಳ ಹೆಸರು ಹಚ್ಚಿದ್ದ.

ಕಾರು ಹತ್ತಲು ಅವಳು ಒಪ್ಪಿರಲಿಲ್ಲ. ಕಾರು ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಹುಳ ಹೋಗಿ ಸಾಯುತ್ತವೆ ಎಂದು ಯಾರೋ ಹೇಳಿದ್ದರು. ಕೊನೆಗೆ ನೇಮಿನಾಥ ಬಾನೆಟ್ ಎತ್ತಿ, ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ಪೈಪು ಕಿತ್ತು, ಅದು ಕೂಡುವ ಬಾಯಿಗೆ ಮನೆಯಲ್ಲಿ ಕುಡಿಯುವ ನೀರು ಸೋಸಿ ಗಾಳಿಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಮೇಲೆ ಪೈಪು ತುರುಕಿದ್ದ. ಅವಳು ಮುಟ್ಟಿ ನೋಡಿಯೇ ಕಾರು ಹತ್ತಿದ್ದಳು. ಕಾರು ಓಡುವಾಗ ಅಷ್ಟೇನೂ ತಕರಾರು ಮಾಡಲಿಲ್ಲ. ನಿಂತಲ್ಲೆಲ್ಲ ನಡುಗಿತು, ಎರಡು ಕಡೆ ಬಂದ್ ಬಿತ್ತು.

ಮೇಸ್ತ್ರಿ ಗುರುಪುತ್ರಪ್ಪ ಬಾನೆಟ್ ಎತ್ತುವ ಮೊದಲು ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿದ.

"ಗಾಳಿ ಹೆಚ್ಚಾಗೇತಿ, ಪೆಟ್ರೋಲ್ ಕಮ್ಮಿ ಬೀಳಾಕತ್ತೈತಿ ಅಂತ ತೋರಸ್ತೈತ್ರಿ ಸಾವಕಾರ್ರ. ಎಲ್ಲೋ ಪೈಪ್ ಸಡ್ಲ ಆಗೇತಿ. ಯಾರರ ಕೈ ಹಚ್ಚಿದ್ರೇನು?"

"ಯಾರೂ ಇಲ್ಲ."

"ಇಲಿ ಗಿಲಿ ಕಡದಾವೇನು?"

"ಇಲೀನ ಇರಬೇಕು."

"ನೇಮಿ," ಹಿಂದಿನಿಂದ ಅಕ್ಕಾತಾಯಿ ಅಂದಳು, "ಪಾಪ, ಇಲಿ ಮ್ಯಾಲ ಯಾಕ ಹಾಕ್ತಿ? ಅರಿವಿ ಕಟ್ಟಿದಾಂವ ನೀನು."

ಗುರುಪುತ್ರಪ್ಪ ಪೈಪು ಕಿತ್ತು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದೇನ್ರಿ?"

"ನೀರು ಗಾಳಿಸೂ ಅರಿವಿ," ಎಂದ ನೇಮಿನಾಥ, ಬೇರೆ ಕಡೆ ನೋಡುತ್ತ.

"ನೀರು ಗಾಳಿಸೂದು ಖರೇ. ಗಾಳಿ ಯಾರು ಗಾಳಿಸ್ತಾರ್ರಿ? ಗಾಳಿ ಅಳಿಯೂ ಮೀಟರ್ ಇಲ್ಲೈತಿ. ಅರಿವಿ ಮಡಿಕಿ ಸಲುವಾಗಿ ಪೈಪ್ ಕುಂತಿಲ್ಲ, ಮೀಟರಿಗೆ ಸಿಗದ ಬಾಜೂಕಿಂದ ಕಳ್ಳಗಾಳಿ ಒಳಗ ಹೊಂಟೈತಿ. ಬಾಗಲಕ್ಕ ಕಾವಲಿಟ್ಟು ಗ್ವಾಡಿ ಒಡದಂಗ ಮಾಡೀರಿ."

"ಅರಿವಿ ತಗದ್ರ ಹುಳ ಒಳಗ ಹೋಗ್ತಾವಲ್ಲೋ ತಮ್ಮ," ಎಂದಳು ಅಕ್ಕಾತಾಯಿ.

"ಹೋಗೂದಿಲ್ರಿ ಆಯಿ. ಅದರ ಮುಂದ ಕಂಪನಿಯವ್ರ ಜಾಳಿಗಿ ಇಟ್ಟಾರ. ಹಿಡೀರಿ, ನೀವ ನೋಡ್ರಿ."

ನೇಮಿನಾಥ ಬೇಡವೆಂದು ಕಣ್ಸನ್ನೆ ಮಾಡುವುದರೊಳಗೆ ಗುರುಪುತ್ರಪ್ಪ ಫಿಲ್ಟರನ್ನು ತೆಗೆದು ಅವಳ ಕೈಗೆ ಕೊಟ್ಟಾಗಿತ್ತು. ಅಕ್ಕಾತಾಯಿ ಅದರ ಮಡಿಕೆಗಳ ಮೇಲೆ ಬೆರಳಾಡಿಸಿದಳು.

"ಇದೇನು ಅಂಟೈತಿ?"

"ಧೂಳ್ರಿ," ಎಂದ ಗುರುಪುತ್ರಪ್ಪ.

"ಧೂಳವ್ವ," ಎಂದ ನೇಮಿನಾಥ.

ಅವಳು ಬೆರಳ ತುದಿಯಲ್ಲಿ ಒಂದನ್ನು ತಿಕ್ಕಿ ನೋಡಿದಳು. "ಧೂಳಿಗೆ ರೆಕ್ಕಿ ಮೂಡ್ಯಾವು?"

ಅಕ್ಕಾತಾಯಿ ಫಿಲ್ಟರನ್ನು ಸೀಟಿನ ಮೇಲಿಟ್ಟು, ಬಾಗಿಲು ತಡಕಿ ತೆಗೆದು ಇಳಿದಳು. "ನಾ ನಡಕೋಂತ ಹೋಗ್ತೀನಿ."

ನೇಮಿನಾಥನ ಸಿಟ್ಟು ನೆತ್ತಿಗೇರಿತು. "ನಡಿ. ಕಣ್ಣು ಕಾಣೂದಿಲ್ಲ. ದವಾಖಾನಿ ತನಕ ಎಷ್ಟು ಇರಬಿ ತುಳೀತಿ, ಅದನ್ನೂ ಜಪಮಣ್ಯಾಗ ಎಣಿಸಿಕೋಂತ ಹೋಗು."

ಅವ್ವನಿಗೆ ಅವನು ಎಂದೂ ಹಾಗೆ ಅಂದವನಲ್ಲ. ಅಕ್ಕಾತಾಯಿ ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಕಾರಿನ ಬಾಗಿಲು ಹಿಡಿದು ಒಂಟಿಗಾಲಲ್ಲಿ ನಿಂತುಬಿಟ್ಟಳು. ನೇಮಿನಾಥ ಓಡಿಹೋಗಿ ರಟ್ಟೆ ಹಿಡಿದ. ನೆಲ ನೋಡಿ, "ಇಲ್ಲೇನಿಲ್ಲ, ಇಡು," ಎಂದ. ಅವಳು ಕಾಲಿಟ್ಟಳು.

ಫಿಲ್ಟರನ್ನು ಸರಿಸಿ ಮತ್ತೆ ಸೀಟಿನ ಮೇಲೆ ಕೂತು ಅಂದಳು, "ಹಂಗಾರ ಮೆಲ್ಲಕ ಹೊಡಿ. ಹುಳ ಬಾಜೂಕ ಸರಿಯಾಕ ಆಗಬೇಕು."

"ಎಷ್ಟು ಮೆಲ್ಲಕ?"

"ಪಲ್ಲಕ್ಕಿ ಹೋಗೂವಷ್ಟು."

ನೇಮಿನಾಥ ಮೇಸ್ತ್ರಿಯ ಮುಖ ನೋಡಿದ. ಗುರುಪುತ್ರಪ್ಪ ಫಿಲ್ಟರ್ ಕೂರಿಸಿ, ಪೈಪು ಜೋಡಿಸಿ, ಕ್ಲಿಪ್ಪು ಬಿಗಿದು, ದೀಪ ಆರಿಸಿ ಇಂಜಿನ್ ಚಾಲೂ ಮಾಡಿದ. ನಡುಕ ನಿಂತಿತ್ತು.

"ಫಸ್ಟ್ ಗೇರ್ ಹಾಕಿ ಕ್ಲಚ್ ಬಿಡ್ರಿ. ಎಕ್ಸಲೇಟರಿಗೆ ಕಾಲ ಹಚ್ಚಬ್ಯಾಡ್ರಿ, ಐಡ್ಲಿಂಗ್ ಮ್ಯಾಲ ತಾನ ಎಳಕೊಂಡು ಹೋಗ್ತೈತಿ. ಮೊದಲಿನಂಗ ನಡುಗತಿದ್ರ ಈ ಪಲ್ಲಕ್ಕಿ ನಿಮ್ಮ ಹೆಗಲ ಮ್ಯಾಲ ಬರತಿತ್ತು."

ಕಾರು ಹೊರಟಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಮುಂದೆ ಹೋಯಿತು. ಕಾಯಿಪಲ್ಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಿಟಕಿಯಲ್ಲಿ ಇಣುಕಿ, ಯಾರಿಗೆ ಏನಾಗಿದೆಯೋ ಎಂದು ಮರುಗಿ, ಅವಳೂ ಮುಂದೆ ಹೋದಳು.

"ಏನರ ಬಡೀತೇನು?" ಅಕ್ಕಾತಾಯಿ ಆಗಾಗ ಕೇಳುತ್ತಿದ್ದಳು.

"ಇಲ್ಲವ್ವ."

ಊರೊಳಗೆ ಬೂದು ಬಣ್ಣದ ಪತಂಗವೊಂದು ಬಂದು ಗಾಜಿನ ಮೇಲೆ ಕೂತಿತು. ನೇಮಿನಾಥ ಬ್ರೇಕ್ ಹಾಕಿದ. ಅದು ಏಳಲಿಲ್ಲ. ಹಿಂದಿದ್ದ ಟೆಂಪೋದವನು ಹಾರ್ನ್ ಒತ್ತಿ ಒತ್ತಿ ಸಾಕಾಗಿ ಇಳಿದು ಬಂದ. ನೇಮಿನಾಥ ತಲೆ ಹೊರಗೆ ಹಾಕಿದ.

"ಹುಳ ಕುಂತೈತಿ. ಎದ್ದು ಹೋಗ್ಲಿ ತಡಿ. ನಿನಗೂ ಕಣ್ಣು ಕಾಣೂದಿಲ್ಲೇನು?"

ಟೆಂಪೋದವನು ಪತಂಗವನ್ನು ನೋಡಿದ, ನೇಮಿನಾಥನ ಮುಖವನ್ನು ನೋಡಿದ, ಬಂದಂತೆಯೇ ಮರಳಿದ.

ದವಾಖಾನೆಯಲ್ಲಿ ಆ ದಿನದ ಕೊನೆಯ ಹೆಸರು ಕೂಗುತ್ತಿದ್ದರು. ಅದು ಅಕ್ಕಾತಾಯಿಯದೇ ಆಗಿತ್ತು. ನರ್ಸು ಅವಳ ಕೈ ಹಿಡಿದು ಒಳಗೆ ಕರೆದೊಯ್ಯುತ್ತ ನೇಮಿನಾಥನನ್ನು ಗದರಿದಳು.

"ಇಷ್ಟೊತ್ತಿಗೇನು ಬರೂದು? ಟ್ರಾಫಿಕ್ ಇತ್ತೇನ್ರಿ?"

"ಇತ್ರಿ," ಎಂದ ನೇಮಿನಾಥ. "ನಮ್ಮ ಹಿಂದ."