ಟೀವಿಯೊಳಗಿನ ದೊಡ್ಡ ಜಾಗಟೆ

ಟೀವಿಯಲ್ಲಿ ಸಂಗೀತೋತ್ಸವ ಬಂದರೆ ನಮ್ಮ ಬೀದಿಯವರಿಗೆ ಹಾಡುವವಳ ಮುಖವೂ ಬೇಡ, ಕುಣಿಯುವವರ ಹೆಜ್ಜೆಯೂ ಬೇಡ. ನಾದ ಸರಿಯಿದೆಯೋ ಇಲ್ಲವೋ, ಅಷ್ಟೇ. ನಮ್ಮೂರು ವಿರುನ್‌ನಲ್ಲಿ ನಾವೆಲ್ಲ ಕಂಚು ಬಡಿದು ಗಮೆಲಾನ್ ಎಂಬ ಮೇಳಕ್ಕೆ ವಾದ್ಯ ಮಾಡುವವರು. ವೇದಿಕೆಯ ಮೇಲಿರುವ ಒಂದೊಂದು ಕಂಚೂ ನಮ್ಮಲ್ಲೇ ಯಾರದೋ ಹಿತ್ತಲ ಕುಲುಮೆಯಲ್ಲಿ ಹುಟ್ಟಿದ್ದು. ಹಾಗಾಗಿ ಸೋಲೋ ಪೇಟೆಯ ಉತ್ಸವದ ದಿನ ಊಟ ಮುಗಿದದ್ದೇ ಜನ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ, ನಾನು ಕರಿದ ಸೋಯಾಕಾಳಿನ ತೆಂಪೆಯನ್ನು ತಟ್ಟೆಗಟ್ಟಲೆ ಖಾಲಿ ಮಾಡುತ್ತಾರೆ, ಊರವರ ವಾದ್ಯಕ್ಕೆಲ್ಲ ಹೆಸರಿಡುತ್ತಾರೆ.

ಹೆಸರಿಡುವುದಕ್ಕೂ ಒಂದು ರೀತಿಯಿದೆ. ಮಾಡಿದವನು ಎದುರಿಗೇ ಕೂತಿರುವಾಗ ‘ಸತ್ತಿದೆ’ ಎಂದು ಬಾಯಿಬಿಟ್ಟು ಹೇಳಬಾರದು, ಅಪಶಕುನ. ಆದ್ದರಿಂದ ಎಲ್ಲರೂ ಚಹಾದ ಲೋಟದ ಮುಚ್ಚಳ ತೆಗೆದಿಟ್ಟುಕೊಂಡು ಕೇಳುತ್ತಾರೆ. ನಾದಕ್ಕೆ ಜೀವವಿದ್ದರೆ ಒಂದು ಗುಟುಕು ಕುಡಿಯುವುದು, ಇಲ್ಲದಿದ್ದರೆ ಸದ್ದಿಲ್ಲದೆ ಮುಚ್ಚಳ ಹಾಕುವುದು. ಮುಚ್ಚಿದ ಲೋಟಗಳನ್ನು ಕಂಡು ಬಿಕ್ಕಿ ಬಿಕ್ಕಿ ಅತ್ತ ಗಂಡಸರನ್ನು ನಾನೇ ನೋಡಿದ್ದೇನೆ.

ಮಾಡಿದವರು ಉತ್ಸವಕ್ಕೇ ಹೋಗಿ ಕೇಳಬಹುದಲ್ಲ ಎನ್ನಬೇಡಿ. ಹೊಸ ಜಾಗಟೆಗೆ ಸಭೆಯಲ್ಲಿ ಮೊದಲ ಪೆಟ್ಟು ಬೀಳುವಾಗ ಹೆತ್ತ ಕೈ ಅಲ್ಲಿರಕೂಡದು. ಮಗಳ ಮದುವೆ ಮಾಡಿಕೊಟ್ಟು ಅವಳ ಹಿಂದೆಯೇ ಹೋಗಿ ಬೀಗರ ಮನೆಯಲ್ಲಿ ಕೂರುತ್ತೇವೆಯೇ?

ಈ ವರ್ಷ ಉತ್ಸವದ ದೊಡ್ಡ ಜಾಗಟೆ ನನ್ನ ಗಂಡ ಮಾರ್ತೋಯೊ ಅವರದು. ಎದೆಮಟ್ಟದ ಚೌಕಟ್ಟಿನಲ್ಲಿ ತೂಗುವ ಕಂಚು. ಅದನ್ನು ಹೊಡೆದರೆ ನಾದ ಒಂದೇ ಸಮನೆ ಬರಬಾರದು, ಅಲೆ ಅಲೆಯಾಗಿ ಬರಬೇಕು: ತುಂಬಿ, ಇಳಿದು, ಮತ್ತೆ ತುಂಬಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ಅಕ್ಕಿ ಆರಿಸುತ್ತ ಕೂತಿದ್ದಾಗ ಕುಲುಮೆಯಿಂದ ಆ ಅಲೆ ಬರುತ್ತಿತ್ತು. ಮೊರ ತೊಡೆಯ ಮೇಲೇ ಇರುತ್ತಿತ್ತು, ಕಣ್ಣು ತೆರೆದೇ ಇರುತ್ತಿತ್ತು, ಆದರೂ ಅಂಗಳದ ಬಿಸಿಲು ಹತ್ತಿರ ಬಂದು ದೂರ ಹೋದಂತೆ, ಗೋಡೆಗಳು ಮೆಲ್ಲಗೆ ಉಸಿರಾಡಿದಂತೆ ಕಾಣುತ್ತಿತ್ತು. ಅತ್ತೆ ಗದರಿದರೆ ಆ ಗದರಿಕೆಯೂ ತೇಲುತ್ತಲೇ ಬರುತ್ತಿತ್ತು. ಅಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಕಂಚಿಗೆ ಮುನಿಸು ಜಾಸ್ತಿ. ಮನೆಯಲ್ಲಿ ಹಾಡಿದ್ದು ತಿಂಗಳು ಕಳೆದು, ಗಾಡಿಯಲ್ಲಿ ಕುಲುಕಾಡಿ ಪೇಟೆ ಸೇರುವಷ್ಟರಲ್ಲಿ ಅಲೆ ಕಳೆದುಕೊಂಡಿರಬಹುದು. ಶ್ರುತಿ ಮಾಡುವವನ ಕಿವಿ ಅದನ್ನೂ ಮೊದಲೇ ಊಹಿಸಿ ಸುತ್ತಿಗೆ ಎತ್ತಬೇಕು. ನನ್ನ ಗಂಡನ ಕಿವಿಯೋ, ಒಂದು ವರ್ಷದಿಂದ ದಪ್ಪ ನಾದವನ್ನು ಹಿಡಿಯುತ್ತಲೇ ಇಲ್ಲ. ನಾವಾಡುವ ಮಾತೂ ಅರ್ಧಂಬರ್ಧವೇ ಕೇಳಿಸುವುದು. ಜಾಗಟೆಗೆ ಅಂಗೈ ಒತ್ತಿ, ಚೌಕಟ್ಟಿನ ಮರವನ್ನು ಹಲ್ಲಿನಲ್ಲಿ ಕಚ್ಚಿ, ಆ ನಡುಕದಲ್ಲೇ ಶ್ರುತಿ ಮಾಡಿದ್ದರು. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದರು. “ಬುನೆ, ಇವತ್ತು ನನ್ನ ಪಕ್ಕದಲ್ಲೇ ಕೂತ್ಕೋ.” ನಮ್ಮ ಕಡೆ ಗಂಡಹೆಂಡಿರು ಹೆಸರು ಹಿಡಿಯುವುದಿಲ್ಲ. ನಾನು ಅವರಿಗೆ ಬುನೆ, ಅವರು ನನಗೆ ಪಾಕ್ನೆ.

“ಯಾಕೆ ಪಾಕ್ನೆ, ಹೊಸದಾಗಿ ಮದುವೆ ಆದ್ವಾ?”

“ತಮಾಷೆ ಸಾಕು. ಜಾಗಟೆ ಹೊಡೆದಾಗ ಒಂದೊಂದು ಅಲೆಗೂ ನನ್ನ ಅಂಗೈ ಮೇಲೆ ಒಂದೊಂದು ಸಲ ತಟ್ಟು. ಬಂದಷ್ಟೇ ತಟ್ಟು. ಸತ್ತಿದ್ರೆ ನನ್ನ ಸುತ್ತಿಗೆ ಸಾಗಿಮಾನ್‌ಗೆ ಕೊಟ್ಬಿಡ್ತೀನಿ. ಕಿವಿ ಇಲ್ದೆ ಜನರ ಕಂಚು ಹಾಳು ಮಾಡೋದು ಪಾಪ.”

“ಆ ಬಾಯಿಬಡುಕನಿಗಾ?”

“ಬಾಯಿ ದೊಡ್ಡದು ನಿಜ. ಕಿವೀನೂ ಚೆನ್ನಾಗಿದೆ ಅವನಿಗೆ.”

ಸಾಗಿಮಾನ್ ಇವರ ಚಿಕ್ಕಪ್ಪನ ಮಗ. ಕೆಲಸಗಾರನೇ, ಇಲ್ಲವೆನ್ನುವುದಿಲ್ಲ. ಆದರೆ ಇವರಿಂದ ಸುತ್ತಿಗೆ ಹೋದರೆ ಇವರಲ್ಲಿ ಉಳಿಯುವುದೇನು? ಐವತ್ತು ವರ್ಷದಿಂದ ಬೇರೊಂದು ಕೆಲಸ ಕಲಿಯದ ಮನುಷ್ಯ.

ಮೂರು ಗಂಟೆಗೆ ಚಾಪೆ ತುಂಬಿತು. ಹಳೆಯ ಮರದ ಪೆಟ್ಟಿಗೆಯ ಟೀವಿ ಮಳೆಗಾಲದಲ್ಲಿ ಸತ್ತಿತ್ತು, ಅಳಿಯ ಹೊಸದು ತಂದು ಗೋಡೆಗೆ ನೇತುಹಾಕಿದ್ದ.

“ಇದೇನೇ ಇದು, ಟೀವಿನಾ ಕ್ಯಾಲೆಂಡರಾ?” ಪಕ್ಕದ ಮನೆಯ ಪೋನಿರಾ ಕೇಳಿದಳು.

“ಅಳಿಯ ತಂದದ್ದು. ನಿನ್ನ ಅಳಿಯ ಏನು ತಂದ?” ಎಂದೆ. ಅವಳು ತೆಂಪೆಗೆ ಕೈ ಹಾಕಿದಳು.

ವೇದಿಕೆಯ ಮೇಲೆ ಸಂಜೆಬಿಸಿಲು. ಮೇಳ ನಿಧಾನವಾಗಿ ಶುರುವಾಯಿತು. ಕೊಳಲು, ತಂತಿ, ಸಣ್ಣ ಕಂಚುಗಳು ಒಂದರ ಮೇಲೊಂದು ಮಂಜಿನಂತೆ ಕೂಡಿಕೊಂಡವು. ಆವರ್ತ ಮುಗಿಯುವ ಹೊತ್ತಿಗೆ ವಾದಕ ಬಟ್ಟೆ ಸುತ್ತಿದ ಕೋಲನ್ನು ಎತ್ತಿದ. ಚಾಪೆಯ ಮೇಲೆ ಒಬ್ಬರೂ ಅಗಿಯುತ್ತಿರಲಿಲ್ಲ. ಪಾಕ್ನೆ ಅಂಗೈ ಬಿಚ್ಚಿ ನನ್ನ ತೊಡೆಯ ಪಕ್ಕ ಇಟ್ಟಿದ್ದರು.

ಡಬ್.

ಅಷ್ಟೇ. ಖಾಲಿ ಡಬ್ಬ ಬಡಿದಂತೆ. ಅಲೆಯಿಲ್ಲ, ಬಾಲವಿಲ್ಲ, ಏನೂ ಇಲ್ಲ.

ಮೊದಲು ಸಾಗಿಮಾನ್ ಕಣ್ಣು ಕೆಳಗೆ ಮಾಡಿ ಮುಚ್ಚಳ ಹಾಕಿದ. ಆಮೇಲೆ ಪೋನಿರಾ. ಆಮೇಲೆ ಒಬ್ಬೊಬ್ಬರೇ. ನನಗೆ ಎದೆ ಒಡೆದುಹೋಯಿತು. ಆದರೂ ನನ್ನ ಬೆರಳು ಅವರ ಅಂಗೈ ಮೇಲೆ ತಟ್ಟಿತು: ಒಂದು, ಎರಡು, ಮೂರು, ನಾಲ್ಕು, ಐದು. ತಟ್ಟಿ, ಎಲ್ಲರೆದುರಿಗೆ ನನ್ನ ಲೋಟ ಎತ್ತಿ ಗಟಗಟ ಕುಡಿದೆ. ಗಂಡನನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ಬೀಗಿದೆ ಕೂಡ.

ಅವರು ಎದ್ದು ಒಳಗೆ ಹೋದರು. ಬಟ್ಟೆಯಲ್ಲಿ ಸುತ್ತಿದ ಸುತ್ತಿಗೆಯನ್ನು ತಂದು ಸಾಗಿಮಾನ್‌ನ ಮಡಿಲಲ್ಲಿಟ್ಟರು.

“ಮಾಸ್, ಏನಿದು? ಒಂದು ಜಾಗಟೆ ಕೆಟ್ರೆ ಕೆಟ್ಟಿತು. ನಂದು ಎಷ್ಟು ಕೆಟ್ಟಿಲ್ಲ?” ಅಣ್ಣನೆಂಬ ಗೌರವಕ್ಕೆ ಅವನು ಇವರನ್ನು ಮಾಸ್ ಎನ್ನುವುದು.

“ಕಿವಿ ಹೋಗಿ ಒಂದು ವರ್ಷ ಆಯ್ತು ಕಣೋ, ಇದನ್ನ ಅಂಗೈ ಒತ್ತಿ ನೋಡ್ಕೊಂಡೇ ಶ್ರುತಿ ಮಾಡಿದ್ದು,” ಎಂದರು ಇವರು, ಎಲ್ಲರಿಗೂ ಕೇಳುವಂತೆ. “ಇಟ್ಕೋ.”

ಯಾರ ಮುಖವನ್ನೂ ನೋಡಲಾರದೆ ಇವರು ಮತ್ತೆ ನನ್ನ ಪಕ್ಕಕ್ಕೆ ಬಂದು ಟೀವಿಯ ಕಡೆ ತಿರುಗಿ ಕೂತರು. ಮೇಳ ನಡೆದೇ ಇತ್ತು. ಆವರ್ತದ ಕೊನೆಗೊಮ್ಮೆ ಮತ್ತೆ ಡಬ್, ಮತ್ತೆ ಡಬ್. ಪ್ರತಿ ಪೆಟ್ಟೂ ನನ್ನ ತಲೆಯ ಮೇಲೇ ಬಿದ್ದಂತಿತ್ತು.

ಆಗ ಕ್ಯಾಮೆರಾ ಜಾಗಟೆಯ ಬುಡಕ್ಕೆ ಇಳಿಯಿತು. ದೊಡ್ಡ ಜಾಗಟೆಯ ಮುಂದೆ ಹೂವು ತೇಲಿಬಿಟ್ಟ ನೀರಿನ ಬೋಗುಣಿ ಇಡದೆ ನಮ್ಮಲ್ಲಿ ಯಾರೂ ನುಡಿಸುವುದಿಲ್ಲ. ಗುಲಾಬಿ, ಕನಕಾಂಬರ, ಸಂಪಿಗೆ. ಅಂಚಿನವರೆಗೂ ನೀರು, ನೀರಿನ ಮೇಲೆ ಓರೆಬಿಸಿಲು. ಕೋಲು ಬಿತ್ತು. ಟೀವಿ ಡಬ್ ಎಂದಿತು. ಬೋಗುಣಿಯ ನೀರು ಮಾತ್ರ ನವಿರೆದ್ದು ನಡುಗಿತು, ಹೂವಿನ ಎಸಳುಗಳು ಬೆಳಕನ್ನು ಹೊತ್ತು ಮೇಲೆದ್ದವು, ತಣ್ಣಗಾದವು. ಮತ್ತೆ ಎದ್ದವು. ಮತ್ತೆ ತಣ್ಣಗಾದವು. ಎಷ್ಟು ನಿಧಾನ! ಮನೆಯ ಗೋಡೆಗಳು ಆ ಹಳೆಯ ಮಧ್ಯಾಹ್ನಗಳಂತೆ ಹತ್ತಿರ ಬಂದು ದೂರ ಹೋದವು, ನನ್ನ ಕಣ್ಣು ತೆರೆದೇ ಇತ್ತು.

ನನ್ನ ಅಂಗೈ ಮೇಲೆ ಅವರ ಬೆರಳು ತಟ್ಟುತ್ತಿತ್ತು. ನೀರು ತುಂಬಿದಾಗೊಮ್ಮೆ, ಸಾವಕಾಶವಾಗಿ. ಏಳು ಸಲ.

ಸಾಗಿಮಾನ್ ದಡಕ್ಕನೆ ಎದ್ದು ಟೀವಿಯ ಹಿಂದೆ ಕೈ ತೂರಿಸಿ ತಡಕಿದ. “ಥೂ! ಇದಕ್ಕೆ ಹೊಟ್ಟೆನೇ ಇಲ್ಲ ಕಣ್ರೋ! ಹಪ್ಪಳದಷ್ಟು ತೆಳ್ಳಗಿದೆ. ದಪ್ಪ ನಾದ ಎಲ್ಲಿಂದ ಬರ್ಬೇಕು? ನಾವೂ ಕಿವಿ ಕೊಟ್ಕೊಂಡು ಕೂತ್ವಲ್ಲ, ಬುದ್ಧಿ ಇಲ್ದೋರು!”

“ನಾನು ಬಂದಾಗ್ಲೇ ಹೇಳ್ಲಿಲ್ವಾ ಕ್ಯಾಲೆಂಡರ್ ಅಂತ?” ಪೋನಿರಾ ಎಂದಳು. ಹೇಳಿದ್ದಳು, ಹಾಳಾದವಳು.

ಲೋಟಗಳ ಮುಚ್ಚಳ ತೆಗೆದ ಸದ್ದಿಗೆ ಟೀವಿಯೇ ಕೇಳಿಸಲಿಲ್ಲ. ಸಾಗಿಮಾನ್ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಇವರ ಮುಂದೆ ಮಂಡಿಯೂರಿದ. “ಮಾಸ್, ಕಿವಿ ಇರೋ ನಾನೂ ಏಳು ಅಲೆ ತರ್ಸಿಲ್ಲ. ಅಂಗೈಯಲ್ಲಿ ಹೇಗೆ ಮಾಡಿದ್ರೋ ನನಗೂ ಹೇಳ್ಕೊಡಿ,” ಎಂದ. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಜಗಲಿಯ ಮೇಲೆ ಕೂತೆವು.

“ನೀನು ಐದು ತಟ್ಟಿದೆ,” ಎಂದರು.

“ಮುಚ್ಚಿದ ಲೋಟ ನೋಡಿ ಗೊತ್ತಾಯ್ತಾ?”

“ಲೋಟ ಯಾರು ನೋಡಿದ್ರು? ಲೋಟ ಇಟ್ಕೊಂಡೋರ ಕಿವಿ ತಪ್ಪಬಹುದು. ನಾನು ನಂಬಿದ್ದು ನಿನ್ನ ಬೆರಳನ್ನ. ಅದು ಅವಸರ ಮಾಡ್ತಿತ್ತು. ಯಾವ ಅಲೆ ಅಷ್ಟು ಅವಸರ ಮಾಡುತ್ತೆ?”

ಹಾಗೆಂದು ನನ್ನ ಆ ಬೆರಳನ್ನು ಹಿಡಿದುಕೊಂಡರು.

“ನೀನು ಸುಮ್ನಿದ್ದಿದ್ರೆ ಇನ್ನೊಂದು ಪೆಟ್ಟು ಬೀಳ್ಲಿ ನೋಡೋಣ ಅಂತಿದ್ದೆ. ‘ಪಾಕ್ನೆ, ಸತ್ತಿದೆ’ ಅಂತ ಬೈದಿದ್ರೂ ಜಗಳ ಆಡ್ತಿದ್ದೆ. ನಲವತ್ತು ವರ್ಷ ಮುಖದ ಮೇಲೆ ಹೊಡೆದ ಹಾಗೆ ನಿಜ ಹೇಳಿದೋಳು ನೀನು. ಅಂಥ ನೀನು ನನ್ನ ಕಂಡು ಕನಿಕರ ಪಟ್ಟೆ ನೋಡು, ಆಗ ನನ್ನ ಕತೆ ಮುಗೀತು ಅಂದ್ಕೊಂಡೆ. ಅದಕ್ಕೇ ಎದ್ದುಹೋಗಿ ಸುತ್ತಿಗೆ ತಂದೆ.”

ನನಗೆ ಅಳು ಉಕ್ಕಿ ಬಂತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವರೆದುರು ‘ತಪ್ಪಾಯ್ತು’ ಎಂದೆ. ಬಾಯೊಳಗೇ ಅಂದದ್ದು ಅವರಿಗೆ ಕೇಳಿಸಲಿಲ್ಲ. ಏನಂದೆ ಎಂದು ಕೇಳಿದರು. ಪೋನಿರಾ ಇನ್ನೂ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು, ಆದರೂ ಬೀದಿಗೆಲ್ಲ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ.