ಅಂಟು ಬಿಡಿಸಿದ ಅತ್ತಿಗೆ

ನನ್ನ ಅತ್ತಿಗೆ ಗೋಡೆ ಸವರಿಕೊಂಡೇ ನಡೆಯುತ್ತಾರೆ. ಕಾರಿಡಾರ್ ಎಷ್ಟೇ ಅಗಲವಿರಲಿ, ಎಡಗೈಯ ಬೆರಳುಗಳು ಗೋಡೆಯ ಮೇಲೆ ಹರಿದಾಡುತ್ತಲೇ ಇರಬೇಕು. ಹಾಗಾಗಿ ಅವರು ಕೆಲಸ ಮಾಡುವ ಪ್ರಯೋಗಾಲಯದ ಉಳಿದ ವಿಜ್ಞಾನಿಗಳ ಬಿಳಿಯ ಕೋಟುಗಳಿಗೆ ರಾಸಾಯನಿಕಗಳ ಕಲೆಯಾದರೆ, ಇವರ ಕೋಟಿನ ಎಡತೋಳಿನ ಅಂಚಿಗೆ ಸುಣ್ಣದ ಕಲೆ. ಹೆಂಡತಿಯ ಅಕ್ಕ ಎಂಬ ಸಲುಗೆಯಿಂದ ಒಮ್ಮೆ ಕೆಣಕಿದೆ. "ಎಲ್ರೂ ರಕ್ತ ನೋಡ್ತಾರೆ ಕಣ್ರೀ, ನಾಳದ ಗೋಡೇನ ಕೇಳೋರೇ ಇಲ್ಲ" ಎಂದರು.

ಆ ಗೋಡೆಯ ಮೇಲೆಯೇ ನನ್ನ ಮಗಳ ಬದುಕು ನಿಂತಿತ್ತು. ಅವಳಿಗೆ ಸಿಕಲ್ ಸೆಲ್: ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಮೂಳೆಯಲ್ಲೂ ನೋವೆಬ್ಬಿಸುವ ರೋಗ. ಬಾಗಿದ ಕಣವನ್ನು ನೆಟ್ಟಗೆ ಮಾಡುವುದು ಹೇಗೆಂದು ವಿಭಾಗದವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಅತ್ತಿಗೆ ಹಿಡಿದದ್ದು ಬೇರೆಯೇ ಜಾಡು. ಕೆರಳಿದ ನಾಳದ ಒಳಗೋಡೆ ಅಂಟುವ ಅಣುಗಳನ್ನು ಹೊರಚಾಚಿ, ತನ್ನ ಪಾಡಿಗೆ ಹೋಗುವ ಕಣವನ್ನು ಹಿಡಿದು ನಿಲ್ಲಿಸುತ್ತದೆ. ಆ ಅಣುಗಳ ಬಾಯಿ ಮುಚ್ಚಿಸುವ ಮದ್ದು ಸಿಕ್ಕರೆ ಬಾಗಿದ ಕಣವೂ ಜಾರಿಕೊಂಡು ಹೋದೀತು ಎಂಬುದು ಅವರ ಹಟ. ಸಹೋದ್ಯೋಗಿಗಳು ಬೆನ್ನ ಹಿಂದೆ 'ಅಂಟಮ್ಮ' ಎನ್ನುತ್ತಿದ್ದರು.

ಮದ್ದೇನೋ ಸಿದ್ಧವಾಯಿತು, ಪ್ರಯೋಗ ಕೈಕೊಟ್ಟಿತು. ನಾಳದ ಜೀವಕೋಶಗಳನ್ನು ಒಳಗೆ ಬೆಳೆಸಿದ ಗಾಜಿನ ಕೊಳವೆಗಳಲ್ಲಿ ರೋಗಿಯ ರಕ್ತ ಹರಿಸಿ ನೋಡಿದರೆ, ಮದ್ದು ಬೆರೆಸಿದ್ದರಲ್ಲೂ ಏನೂ ಅಂಟಿಲ್ಲ, ಬೆರೆಸದ್ದರಲ್ಲೂ ಏನೂ ಅಂಟಿಲ್ಲ! ಇನ್ನು ಈ ಕೆಲಸಕ್ಕೆ ಎಳ್ಳುನೀರು ಬಿಡುವುದೇ ಸರಿ ಎಂದು ಮೇಲಿನವರು ಮಾತಾಡಿಕೊಳ್ಳತೊಡಗಿದರು. ಮುಖ ಬಾಡಿಸಿಕೊಂಡು ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ತಳ ಹಿಡಿದ ಹಾಲಿನ ಪಾತ್ರೆಯನ್ನು, ಹೆಂಡತಿಯ ಕಣ್ಣಿಗೆ ಬೀಳುವ ಮೊದಲು, ಗಸಗಸ ಉಜ್ಜುತ್ತಿದ್ದೆ.

"ಏನ್ರೀ, ಸಾಕ್ಷಿ ತೊಳೀತಿದ್ದೀರಾ?" ಎಂದು ನಕ್ಕವರು ನಗುವಿನ ನಡುವೆಯೇ ಗಕ್ಕನೆ ನಿಂತರು. "ಅಯ್ಯೋ, ನಾವೂ ತೊಳೀತಿದ್ದೀವಲ್ರೀ!"

ನಡೆದದ್ದು ಇಷ್ಟೆ. ಸೂಕ್ಷ್ಮದರ್ಶಕದಡಿ ಇಡುವ ಮುನ್ನ ಕೊಳವೆಯನ್ನು ರಭಸದಿಂದ ತೊಳೆಯುವುದು ಆ ಪ್ರಯೋಗಾಲಯದ ಮಡಿವಂತಿಕೆ. ಅಂಟಿದ್ದೆಲ್ಲ ಅದರಲ್ಲೇ ಕೊಚ್ಚಿಹೋಗುತ್ತಿತ್ತು. ಮರುದಿನ ನಲ್ಲಿಯ ಮೇಲೆ ಅವರ ದಪ್ಪಕ್ಷರ: 'ಯಾರೂ ತೊಳೆಯಕೂಡದು.' ಮದ್ದಿಲ್ಲದ ಕೊಳವೆಯಲ್ಲಿ ಕುಡುಗೋಲುಗಳು ಗುಂಪುಗುಂಪಾಗಿ ಗೋಡೆ ಕಚ್ಚಿ ಕೂತಿದ್ದವು. ಮದ್ದು ಬೆರೆಸಿದ್ದರಲ್ಲಿ ಸರಾಗವಾಗಿ ಹರಿದುಹೋಗಿದ್ದವು. ಹಿಂದೆ ಆಡಿಕೊಂಡವರೇ ಈಗ ಸೂಕ್ಷ್ಮದರ್ಶಕದ ಮುಂದೆ ಸಾಲು ನಿಂತರಂತೆ.

ಮದ್ದು ರೋಗಿಗಳ ತೋಳಿಗೆ ಇಳಿಯಲು ವರ್ಷಗಳೇ ಹಿಡಿದವು. ತಣ್ಣೀರು ಸೋಕಿದರೆ ಆಸ್ಪತ್ರೆಯ ಮಂಚವೇ ಗತಿ ಎಂಬಂತಿದ್ದ ನನ್ನ ಮಗಳು ಮೊನ್ನೆ ಈಜುಕೊಳದ ಈ ದಡದಿಂದ ಆ ದಡ ಮುಟ್ಟಿ, ಕೈಯೆತ್ತಿ, "ದೊಡ್ಡಮ್ಮಾ, ಎಲ್ಲೂ ಅಂಟ್ಕೊಳ್ಲಿಲ್ಲ!" ಎಂದು ಕೂಗಿದಳು. ನಾನು ನಾಚಿಕೆ ಬಿಟ್ಟು ಗಳಗಳನೆ ಅತ್ತುಬಿಟ್ಟೆ. "ರೋಗ ಹೋಗಿಲ್ಲ ಪುಟ್ಟಾ, ಅದರ ಹಿಡಿತ ಸಡಿಲ ಆಗಿದೆ ಅಷ್ಟೆ. ಬಾ, ಮೈ ಒರೆಸ್ಕೋ" ಎಂದು ಗದರುತ್ತಲೇ ಅತ್ತಿಗೆ ಟವೆಲ್ ಬಿಚ್ಚಿ ಹಿಡಿದರು.

ಹಿಡಿದದ್ದನ್ನು ಬಿಡದ ಜನರನ್ನು ಲೋಕ ಸುಲಭವಾಗಿ ಸಹಿಸುವುದಿಲ್ಲ, ಮೊಂಡರೆಂದು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಬಿಡಿಸುವ ವಿದ್ಯೆ ಕೊನೆಗೂ ಒಲಿಯುವುದು ಹಾಗೆ ಹಿಡಿದು ಕೂತವರಿಗೇ.