ಬಾಗುವ ಜಿಂಕೆ, ಮಸಿ ಕೈ ಅಳಿಯ

ನಾನು ನಾರಾ ಊರಿನ ಒಂದು ಜಿಂಕೆ. ಜಪಾನಿನ ಈ ಹಳೆಯ ರಾಜಧಾನಿಯನ್ನು ನೋಡಲು ಬರುವವರು ಮೊದಲು ದೊಡ್ಡ ಬುದ್ಧ ಎಲ್ಲಿ ಎಂದು ಕೇಳುತ್ತಾರೆ, ಆಮೇಲೆ ನಮ್ಮನ್ನು. ಎರಡನೆಯ ಸ್ಥಾನಕ್ಕೆ ನನ್ನದೇನೂ ತಕರಾರಿಲ್ಲ. ನಾನು ಹುಟ್ಟಿದ್ದು ಒಂದು ಜೂನ್ ತಿಂಗಳಲ್ಲಿ, ಕಲ್ಲುದೀಪಗಳ ಸಾಲಿನ ಹಿಂದಿನ ಜರೀಗಿಡಗಳ ನಡುವೆ. ಕಣ್ಣು ಬಿಟ್ಟಾಗ ಕಂಡದ್ದು ಅಮ್ಮನ ಮೂಗು, ಅದರಾಚೆ ಮಂಜು, ಮಂಜಿನಲ್ಲಿ ಯಾರದೋ ಹಳದಿ ಕೊಡೆ.

ಅಮ್ಮ ಕಲಿಸಿದ ವಿದ್ಯೆ ಒಂದೇ, ತಲೆ ಬಾಗುವುದು. ಈ ಊರಿನಲ್ಲಿ ಎಲ್ಲರೂ ಬಾಗುವವರೇ. ಅಂಗಡಿಯವರು ಗಿರಾಕಿಗೆ ಬಾಗುತ್ತಾರೆ, ಗಿರಾಕಿ ಅಂಗಡಿಯವರಿಗೆ. ನಾವು ಬಾಗಿದರೆ ಪ್ರವಾಸಿಗರು ಅಕ್ಕಿ ತೌಡಿನ ಹಪ್ಪಳ ಕೊಡುತ್ತಾರೆ. ಅದನ್ನು ಭಕ್ತಿ ಎಂದುಕೊಂಡವರೂ ಉಂಟು. ಹೊಟ್ಟೆಪಾಡು ಎಂದು ನಾವೇಕೆ ಬಾಯಿಬಿಡಬೇಕು?

ವರ್ಷಗಳು ಮೋಡದಂತೆ ಹೋದವು. ನುಸುಳಿದರೆ ಪುಣ್ಯವೆಂದು ಬುದ್ಧನ ಗುಡಿಯ ಕಂಬದ ತೂತಿನಲ್ಲಿ ನುಸುಳಲು ಹೋಗಿ ಸಿಕ್ಕಿಕೊಂಡ ದಢೂತಿಗಳನ್ನು ಕಂಡೆ. ಕೊಳದಲ್ಲಿ ಗೋಪುರದ ನೆರಳು ಅಲುಗದೆ ನಿಲ್ಲಲಿ ಎಂದು ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದವರನ್ನೂ ಕಂಡೆ. ಮುಖಗಳೆಲ್ಲ ಕಲೆತುಹೋಗಿವೆ. ಒಬ್ಬಾಕೆ ಮಾತ್ರ ಉಳಿದಿದ್ದಾಳೆ.

ರಾಣೆಬೆನ್ನೂರಿನ ಚನ್ನಬಸವ್ವ. ಆಕೆಯ ಮಾತು ನಿನಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ಮೆಲುಕು ಹಾಕುತ್ತಾ ಅರೆನಿದ್ದೆಯಲ್ಲಿದ್ದರೆ ಎಲ್ಲರ ಮಾತೂ ತಿಳಿಯುತ್ತದೆ.

ಆಕೆಯ ಮಗಳು ಶೈಲಜಾ ಚಿತ್ರಕಲೆ ಕಲಿಯಲು ಬಂದು, ಮನೆಯಲ್ಲಿ ಕೇಳದೆ ಇಲ್ಲಿಯ ಶುನ್‌ಸುಕೆಯನ್ನು ಮದುವೆಯಾಗಿದ್ದಳು. ಅವನ ಕಸುಬು ದೀಪದ ಕಾಡಿಗೆಯನ್ನು ಅಂಟಿನಲ್ಲಿ ನಾದಿ ಬರೆಯುವ ಮಸಿ ಮಾಡುವುದು. ವರ್ಷ ಕಳೆದ ಮೇಲೆ ತಾಯಿ ಬಂದಿದ್ದಳು, ಊರು ನೋಡುವ ನೆಪದಲ್ಲಿ. ಮಗಳಿಗೆ ಬೇಕಾಗಿದ್ದದ್ದು ತಾಯಿಯ ಆಶೀರ್ವಾದ. ನಾನು ಆಕೆಯನ್ನು ಕಂಡ ಮರುದಿನವೇ ಊರಿಗೆ ಮರಳುವ ವಿಮಾನ.

ಮಾರ್ಚ್ ತಿಂಗಳು, ಪ್ಲಮ್ ಮರಗಳು ಹೂಬಿಟ್ಟಿದ್ದವು. ಚನ್ನಬಸವ್ವ ಇಳಕಲ್ ಸೀರೆಯ ಮೇಲೆ ಮಗಳ ಕೋಟು ಹಾಕಿ, ಬಿಳಿ ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಮಗಳ ಜೊತೆ ನಿಂತಿದ್ದಳು. ನಾನು ಎದುರು ಹೋಗಿ ಬಾಗಿದೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳು ನನ್ನಪ್ಪಾ," ಎಂದಳು. ಹಪ್ಪಳವಿಲ್ಲ! ನಮಸ್ಕಾರ ಎಂದುಕೊಂಡುಬಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಆಗಲೇ ಶುನ್‌ಸುಕೆ ಕೆಲಸ ಬಿಟ್ಟು ಓಡಿಬಂದ. ಕೂದಲಿಗೂ ಕಾಡಿಗೆ ಹತ್ತಿತ್ತು. ಬಂದವನೇ ಕೈ ಹಿಂದೆ ಕಟ್ಟಿಕೊಂಡು ಸೊಂಟದವರೆಗೆ ಬಾಗಿದ. ಆಕೆ ಗೋಪುರ ನೋಡತೊಡಗಿದಳು.

"ಅವ್ವಾ, ಜಿಂಕಿ ಬಾಗಿದ್ರ ಆಶೀರ್ವಾದ ಮಾಡ್ತಿ. ಇವರು ನಾಕು ದಿನದಿಂದ ಬಾಗಾಕತ್ತಾರ," ಎಂದಳು ಶೈಲಜಾ.

"ಜಿಂಕಿ ನನ್ನ ಮಗಳನ್ನ ಕೇಳದ ಕರಕೊಂಡು ಹೋಗಿಲ್ಲ," ಎಂದಳು ಚನ್ನಬಸವ್ವ. "ಮತ್ತ ಇದೆಂಥಾ ನಮಸ್ಕಾರ? ಕಾಲು ಮುಟ್ಟಾಕ ಸೊಕ್ಕು."

ಶೈಲಜಾ ಗಂಡನ ಪಕ್ಕಕ್ಕೆ ಹೋಗಿ ನಿಂತಳು. "ಸೊಕ್ಕಲ್ಲವ್ವಾ. ನಮ್ಮಲ್ಲಿ ಕಾಲು ಮುಟ್ತಾರ ಅಂತ ಇವರಿಗೆ ಮೊದಲ ದಿನಾನ ಹೇಳೇನಿ. ಕೈಯಾಗಿನ ಮಸಿ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಹಿರೇರ ಕಾಲು ಹೊಲಸು ಆಗ್ತಾವ ಅಂತ ಅಂಜತಾರ."

ಚನ್ನಬಸವ್ವ ತಿರುಗಿ, ಅವನ ಬೆನ್ನ ಹಿಂದಿನ ಕೈಗಳನ್ನು ತಾನೇ ಮುಂದಕ್ಕೆಳೆದು ನೋಡಿದಳು. ಉಗುರಿನ ಬುಡ, ಅಂಗೈಯ ಗೆರೆ, ಎಲ್ಲ ಕಪ್ಪು. ದುಡಿಯುವ ಕೈ.

"ಮುಟ್ಟಂತ ಹೇಳು," ಎಂದಳು.

ಅವನು ಜಲ್ಲಿಯ ಮೇಲೆ ಮಂಡಿಯೂರಿದ. ಬಿಳಿ ಕಾಲುಚೀಲದ ಮೇಲೆ ಬೆರಳುಗಳ ಗುರುತು ಮೂಡಿತು. ಆಕೆ ಅವನ ಕೂದಲ ಮೇಲೆ ಕೈಯಿಟ್ಟಳು. ಅದೇ ಕೈಯಿಂದ ಕಣ್ಣೊರೆಸಿಕೊಂಡಳು.

"ಅವ್ವಾ, ಮುಖಕ್ಕ ಮಸಿ ಹತ್ತೇತಿ."

"ನೀ ನಮ್ಮ ಮುಖಕ್ಕ ಮಸಿ ಬಳದಿ ಅಂತ ಊರ ಮಂದಿ ವರ್ಷದಿಂದ ಅಂತಾರ," ಎಂದಳು ಚನ್ನಬಸವ್ವ. "ಇರಲಿ ಬಿಡು. ಹಿಂಗ ಒಂದು ಫೋಟೊ ತಗಿ. ಊರಿಗೆ ಹೋಗಿ ತೋರಸ್ತೇನಿ."

ಈಗ ನಾನು ಮುದುಕ. ಹಲ್ಲು ಸವೆದಿದೆ, ಊರವರು ವರ್ಷಕ್ಕೊಮ್ಮೆ ಕೊಯ್ಯುವ ಕೊಂಬು ಈ ಸಲ ಕೊಯ್ಯುವಷ್ಟೂ ಬೆಳೆದಿಲ್ಲ. ಹೆಚ್ಚಾಗಿ ಹುಲ್ಲಿನ ಮೇಲೆ ಮಲಗಿಯೇ ಇರುತ್ತೇನೆ, ಕನಸು ಯಾವುದು ನಿಜ ಯಾವುದು ತಿಳಿಯುವುದಿಲ್ಲ. ಆದರೂ ಆ ಫೋಟೊ ರಾಣೆಬೆನ್ನೂರಿನ ಯಾವುದೋ ಗೋಡೆಯ ಮೇಲಿದೆ ಎಂದು ನನಗೆ ಗೊತ್ತು. ಬಂದವರು ಆಕೆಯ ಕೆನ್ನೆಯ ಕಪ್ಪು ತೋರಿಸಿ ಇದೇನು ಎಂದು ಕೇಳುತ್ತಾರೆ. "ನಮ್ಮ ಅಳಿಯಾಂದು," ಎನ್ನುತ್ತಾಳೆ ಚನ್ನಬಸವ್ವ.